ನಮ್ಮ ಜಿಲ್ಲಾಸ್ಪತ್ರೆಯ ಡಿಇಐಸಿ (ಮಕ್ಕಳ ಬೆಳವಣಿಗೆ ತೊಂದರೆಗೆ ಬೇಗನೇ ಚಿಕಿತ್ಸೆ ಶುರು ಮಾಡೋ ಸೆಂಟರ್): ನಾಲ್ಕು ಸ್ಟಾರ್

ಮಗಳು ಏಳನೇ ತಿಂಗಳಿಗೇ ಹುಟ್ಟಿದವಳು, ಸೆರೆಬ್ರಲ್ ಪಾಲ್ಸಿ, ಅಂದ್ರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗಲ್ಲ. ಎರಡೂ ಕಾಲು ಬಿಗಿ. ನಿಲ್ಲಿಸಿದ್ರೆ ಕತ್ತರಿ ಹಾಕ್ಕೊಂಡು ತುದಿಗಾಲಲ್ಲಿ ನಿಲ್ತಾಳೆ. ಮೊದಲು ಹೋಗ್ತಿದ್ದ ಖಾಸಗಿ ಕ್ಲಿನಿಕ್‌ನಲ್ಲಿ ಮಗು ಒಳಗೆ ಹೋದ್ರೆ ಬಾಗಿಲು ಬಂದ್. ನಾವು ಹೊರಗೆ ಕೂತು ಅಳು ಕೇಳಿಸ್ಕೊಂಡು ದುಡ್ಡು ಕಟ್ಟಿ ಬರೋದು.

ಇಲ್ಲಿ ಫಿಸಿಯೋ ಮೇಡಂ ಮಗುವಿಗಿಂತ ಜಾಸ್ತಿ ನನಗೇ ಪಾಠ ಮಾಡಿದ್ರು. ಬಿಗಿದ ಕಾಲನ್ನ ರಪ್ ಅಂತ ಎಳೆದ್ರೆ ಇನ್ನೂ ಬಿಗಿಯುತ್ತೆ. ನಿಧಾನಕ್ಕೆ ಅಗಲಿಸಿ ಹಾಗೇ ಹಿಡ್ಕೊಂಡಿರ್ಬೇಕು. ನನ್ನ ಕೈ ಮೇಲೆ ಅವರ ಕೈ ಇಟ್ಟು, ಸ್ನಾಯು ಸಡಿಲಾಗೋದು ನನ್ನ ಬೆರಳಿಗೇ ಗೊತ್ತಾಗೋವರೆಗೂ ಬಿಡಲಿಲ್ಲ. ಎಣ್ಣೆ-ನೀರು ಹಾಕೋ ಅಜ್ಜೀನೂ ಕರ್ಕೊಂಡು ಬನ್ನಿ ಅಂದ್ರು! ಅಜ್ಜಿ ಮೂತಿ ಊದಿಸ್ಕೊಂಡೇ ಕೂತಿದ್ರು, ಆದ್ರೆ ಈಗ ಕಾಲು ಜಗ್ಗೋದು ನಿಂತಿದೆ. ಮಲಗಿಸಿ ಒಳಲೆಯಲ್ಲಿ ಹಾಲು ಹಾಕೋದೂ ಬೇಡ ಅಂದ್ರು, ಶ್ವಾಸಕೋಶಕ್ಕೆ ಇಳಿಯಬಹುದಂತೆ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ. ಸೊಂಟದ ಮೇಲೆ ಆ ಕಡೆ ಈ ಕಡೆ ಕಾಲು ಹಾಕಿಸಿ ಎತ್ಕೊಂಡ್ರೆ ಕತ್ತರಿ ಬಿಡುತ್ತೆ, ಮನೆಗೆಲಸವೂ ಆಗುತ್ತೆ.

ಕಾಲಿನ ಸ್ಪ್ಲಿಂಟ್ (ಪಾದವನ್ನ ಸರಿಯಾಗಿ ಹಿಡಿದಿಡೋ ಆಸರೆ) ಕೊಟ್ಟಾಗ, ತೆಗೆದ ಅರ್ಧ ಗಂಟೆಗೂ ಕೆಂಪು ಗುರುತು ಹೋಗದಿದ್ರೆ ವಾಪಸ್ ತನ್ನಿ ಅಂದ್ರು. ಸೊಂಟದ ಕೀಲು ಜಾರ್ತಿದೆಯಾ ಅಂತ ಆಗಾಗ ಎಕ್ಸ್‌ರೇ. ಆರ್‌ಬಿಎಸ್‌ಕೆ, ಅಂದ್ರೆ ಸರ್ಕಾರದ ಮಕ್ಕಳ ಆರೋಗ್ಯ ಯೋಜನೆ ಆದ್ದರಿಂದ ನಮಗೆ ಖರ್ಚಿಲ್ಲ. ಸೆರೆಬ್ರಲ್ ಪಾಲ್ಸಿಯಂಥ ತೊಂದರೆ ಇರೋರಿಗೆ ಸರ್ಕಾರದ ನಿರಾಮಯ ಆರೋಗ್ಯ ವಿಮೆ ಬಗ್ಗೆ ಹೇಳಿದ್ದೂ ಇವರೇ: ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚೂ ಅದರಲ್ಲಿ ಸೇರುತ್ತೆ.

ಒಂದು ಸ್ಟಾರ್ ಕಟ್ ಮಾಡಿದ್ದು ಮೇಡಂಗಲ್ಲ, ವ್ಯವಸ್ಥೆಗೆ. ಸ್ಪೀಚ್ ಥೆರಪಿಸ್ಟ್ ಹುದ್ದೆ ಖಾಲಿ. ಎರಡನೇ ಸಲದ ಸ್ಪ್ಲಿಂಟ್ ಬರೋಷ್ಟರಲ್ಲಿ ಪಾದ ಬೆಳೆದು ಹಿಡಿಸಲೇ ಇಲ್ಲ. ನಡೆಯೋಕಾಗದ ಮಕ್ಕಳ ಸೆಂಟರನ್ನ ಮಹಡಿ ಮೇಲಿಟ್ಟು ಲಿಫ್ಟ್‌ಗೆ ಬೀಗ ಹಾಕೋ ಬುದ್ಧಿ ಯಾವ ಪುಣ್ಯಾತ್ಮನದ್ದೋ.

ಕತ್ತು ನಿಲ್ಲೋದು ತಡ ಆಯ್ತು, ಒಂದೇ ಕೈ ಆಡಿಸ್ತಿದೆ ಅನ್ನಿಸಿದ್ರೆ ಸಾಕು, ಕಾಯಿಲೆ ಹೆಸರು ಗೊತ್ತಾಗಲಿ ಅಂತ ಕಾಯ್ಬೇಡಿ. ಸ್ಕ್ಯಾನಿಂಗ್ ರಿಪೋರ್ಟ್ ಇಲ್ಲದೇನೂ ಇಲ್ಲಿ ಶುರು ಮಾಡ್ತಾರೆ. ತಾಯಿ ಕಾರ್ಡ್, ಎನ್‌ಐಸಿಯು (ಹಸುಗೂಸುಗಳ ಐಸಿಯು) ಡಿಸ್ಚಾರ್ಜ್ ಸಮ್ಮರಿ ಇಟ್ಕೊಂಡಿರಿ. ಹೊಟ್ಟೆ ತುಂಬಾ ತಿನ್ನಿಸ್ಕೊಂಡು ಮಾತ್ರ ಹೋಗ್ಬೇಡಿ, ದೊಡ್ಡ ಬಾಲ್ ಮೇಲೆ ಬೋರಲು ಹಾಕಿದ ಕೂಡಲೇ ಎಲ್ಲಾ ಹೊರಗೆ.