38 ಸಾವಿರದ ಪುಸ್ತಕ, ನಾಲ್ಕೂವರೆ ಸಾವಿರದ ರೆಕಾರ್ಡರ್: ಕನ್ಯಾ ಶಾಲೆಯ ನೆನಪು ಕೂಡಿಸಿದ ಲೆಕ್ಕ

ಶಾಲೆಯ ನೆನಪು ಕೂಡಿಡಲಿಕ್ಕೆ ನಾವು ಗೆಳತಿಯರು ನಾಲ್ಕು ದಾರಿ ಹಿಡಿದು ನೋಡಿದೆವು: ವಾಟ್ಸಾಪ್ ಗುಂಪು, ಬಣ್ಣದ ಫೋಟೊ ಪುಸ್ತಕ, ಕೈಯಿಂದ ಕೈಗೆ ಹೋಗುವ ಉದ್ದ ನೋಟ್‌ಬುಕ್, ಕೊನೆಗೆ ಅಂಗೈಯಗಲದ ವಾಯ್ಸ್ ರೆಕಾರ್ಡರ್. ಗೆದ್ದದ್ದು ರೆಕಾರ್ಡರ್. ಅದನ್ನೇ ಮೊದಲು ಕೊಂಡಿದ್ದರೆ ಎಲ್ಲರ ರೊಕ್ಕ ಉಳಿಯುತ್ತಿತ್ತು, ಅದಕ್ಕಿಂತ ಮುಖ್ಯವಾಗಿ ಒಂದು ವರ್ಷ ಉಳಿಯುತ್ತಿತ್ತು. ಆ ವರ್ಷದಲ್ಲೇ ನಮ್ಮ ಗಣಿತದ ಅಕ್ಕೋರಿಗೆ ಲಕ್ವ ಹೊಡೆದು ಮಾತು ನಿಂತುಹೋಯಿತು. ಅವರ ದನಿ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಇನ್ನೊಂದು ಶಾಲೆಯ ಹುಡುಗಿಯರಿಗೆ ಹೀಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸರಕಾರಿ ಕನ್ಯಾ ಪ್ರೌಢಶಾಲೆ. ಎಸ್ಸೆಸ್ಸೆಲ್ಸಿ ಮುಗಿಸಿದ್ದು 1992ರಲ್ಲಿ. ಆಗ ಬೋರ್ಡಿನ ಮೇಲೆ ಊರ ಹೆಸರು ಗುಲಬರ್ಗಾ ಅಂತಿತ್ತು. ಸರಕಾರಿ ಕಾಗದದಲ್ಲಿ ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ, ಮನೆಮಾತಿನಲ್ಲಿ ಮೊದಲಿಂದಲೂ ಕಲಬುರ್ಗಿನೇ. ಒಂದೇ ಕಂಪೌಂಡಿನಲ್ಲಿ ಈ ಕಡೆ ಕನ್ನಡ ಮಾಧ್ಯಮ, ಆ ಕಡೆ ಉರ್ದು ಮಾಧ್ಯಮ, ನಡುವೆ ಬೇವಿನ ಗಿಡ ಮತ್ತು ಖೋ-ಖೋ ಅಂಗಳ. ಕ್ಲಾಸಿನ ನೆಲಕ್ಕೆ ಶಹಾಬಾದಿ ಫರಸಿ. ಬೇಸಿಗೆಯಲ್ಲಿ ಮುಂಜಾನೆ ಸಾಲಿ ಬಿಡುವ ಹೊತ್ತಿಗೆ ಆ ಫರಸಿಗೆ ಕೆನ್ನೆ ಹಚ್ಚಿ ಮಲಗಿಬಿಡಬೇಕು ಅನಿಸುತ್ತಿತ್ತು. ಎಳ್ಳಮಾವಾಸ್ಯೆ ಮರುದಿನ ಇಡೀ ಕ್ಲಾಸಿಗೆ ಭಜ್ಜಿ ಪಲ್ಯ, ಸಜ್ಜಿ ರೊಟ್ಟಿ ವಾಸನೆ. ಶರಣಬಸವೇಶ್ವರ ಜಾತ್ರೆಯ ದಿನ ಬೆಂಚುಗಳು ಅರ್ಧ ಖಾಲಿ. ಎಂಟನೇ ತರಗತಿಯ ‘ಬ’ ವಿಭಾಗಕ್ಕೆ ಸೇರಿದವರು 54 ಜನ, ಹತ್ತನೇ ಪರೀಕ್ಷೆಗೆ ಕೂತವರು 37. ಈ ಎರಡು ಅಂಕಿಗಳ ನಡುವಿನ 17 ಜನರನ್ನು ನೆನಪಿಡಿ, ಅವರ ಮಾತು ಮುಂದೆ ಬರುತ್ತದೆ.

ವಾಟ್ಸಾಪ್ ಗುಂಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ಗೆಳತಿಯರನ್ನು ಹುಡುಕಲಿಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಎರಡೇ ವಾರದಲ್ಲಿ 29 ಜನ ಸಿಕ್ಕರು. ನೆನಪು ಇಡಲಿಕ್ಕೆ ಮಾತ್ರ ಅದು ಜಾಗವಲ್ಲ. ಶುಭೋದಯದ ಹೂವುಗಳ ಕೆಳಗೆ ಎಲ್ಲ ಹೂತುಹೋಗುತ್ತದೆ. ಫೋನ್ ಬದಲಿಸಿದಾಗ ನನ್ನ ಕೈಯಿಂದ ಒಂದು ವರ್ಷದ ದನಿ ಸಂದೇಶಗಳು ಹೋದವು. ಇನ್ನೊಂದು ತೊಡಕನ್ನು ನಾವು ಯಾರೂ ಮೊದಲು ಯೋಚಿಸಿರಲಿಲ್ಲ: ನಮ್ಮ ಹಲವರ ಫೋನು ಅವರದ್ದಲ್ಲ, ಮಗನದ್ದು ಅಥವಾ ಗಂಡನದ್ದು. ಮನೆಮಂದಿಯೆಲ್ಲ ತೆರೆದು ಕೇಳುವ ಗುಂಪಿನಲ್ಲಿ ಹದಿನಾಲ್ಕನೇ ವಯಸ್ಸಿನ ಮಾತನ್ನು ಯಾರು ಆಡುತ್ತಾರೆ?

ಇನ್ನು ಬಣ್ಣದ ಪುಸ್ತಕ. 40 ಪ್ರತಿ, ಒಂದಕ್ಕೆ 950 ರೂಪಾಯಿ, ಒಟ್ಟು 38,000. ಹೊಳೆಯುವ ಕಾಗದ, ಗಟ್ಟಿ ರಟ್ಟು, ಖೋ-ಖೋ ತಂಡದ ಹಳೆಯ ಚಿತ್ರ ಎರಡು ಪುಟ ತುಂಬ. ಚಿತ್ರಗಳು ಚೆನ್ನಾಗಿಯೇ ಬಂದವು. ಕೆಟ್ಟದ್ದು ಅಕ್ಷರ.

ಗೆಳತಿಯರೆಲ್ಲ ತಮ್ಮ ನೆನಪನ್ನು ಫೋನಿನಲ್ಲಿ ಟೈಪ್ ಮಾಡಿ ಕಳಿಸಿದ್ದರು. ಫೋನಿನ ಕನ್ನಡ ಯೂನಿಕೋಡ್. ಪ್ರೆಸ್ಸಿನಲ್ಲಿ ಇದ್ದದ್ದು ಹಳೆಯ ನುಡಿ ಫಾಂಟು ಮತ್ತು ಹಳೆಯ ಪುಟವಿನ್ಯಾಸದ ಸಾಫ್ಟ್‌ವೇರ್. ನೋಡಲಿಕ್ಕೆ ಎರಡೂ ಕನ್ನಡವೇ, ಕಂಪ್ಯೂಟರಿನ ಒಳಗೆ ಒಂದಕ್ಕೊಂದು ಸಂಬಂಧವಿಲ್ಲ. ಹಳೆಯ ಫಾಂಟಿನಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲವೂ ಬಿಡಿ ಬಿಡಿ ತುಂಡುಗಳಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಯೂನಿಕೋಡಿನಲ್ಲಿ ಕ, ಅದರ ಹಿಂದೆ ಅರ್ಧಾಕ್ಷರದ ಗುರುತು, ಅದರ ಹಿಂದೆ ಮತ್ತೊಂದು ಕ ಸಾಲಾಗಿ ನಿಂತಿರುತ್ತವೆ, ಅವನ್ನು ಕೂಡಿಸಿ ‘ಕ್ಕ’ ಮಾಡಿ ತೋರಿಸುವುದು ಸಾಫ್ಟ್‌ವೇರಿನ ಕೆಲಸ. ಅಲ್ಲಿದ್ದ ಸಾಫ್ಟ್‌ವೇರಿಗೆ ಆ ಕೆಲಸ ಗೊತ್ತಿರಲಿಲ್ಲ. ಮೊದಲ ಪ್ರೂಫಿನಲ್ಲಿ ‘ಅಕ್ಕೋರು’ ಹೋಗಿ ‘ಅಕ್‌ಕೋರು’ ಆಗಿತ್ತು, ‘ಬುತ್ತಿ’ ಹೋಗಿ ‘ಬುತ್‌ತಿ’, ‘ಕಲ್ಯಾಣ’ ಹೋಗಿ ‘ಕಲ್‌ಯಾಣ’. ಒಂದು ಪುಟದಲ್ಲಿ ಅರವತ್ತು ಕಡೆ ಕೆಂಪು ಪೆನ್ನು ಹಾಕಿದೆ. ಎರಡನೇ ಪ್ರೂಫಿನಲ್ಲಿ ಒತ್ತು ಸರಿಯಾದವು, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿದ್ದವು. ಮೂರನೇ ಸಲ ಹೋದಾಗ ಆಪರೇಟರ್ ಸೋತು, ಎಲ್ಲವನ್ನೂ ತಾನೇ ಹೊಸದಾಗಿ ಟೈಪ್ ಮಾಡುತ್ತೇನೆ ಎಂದ.

ಆಗಲೇ ನಿಜವಾದ ನಷ್ಟ ಆಯಿತು. ಆತ ಒಳ್ಳೆಯ ಮನಸ್ಸಿನಿಂದ, ಟೈಪ್ ಮಾಡುತ್ತಲೇ ನಮ್ಮ ಮಾತನ್ನೆಲ್ಲ ತಿದ್ದಿಬಿಟ್ಟಿದ್ದ. ‘ಸಾಲಿ’ ಇದ್ದಲ್ಲೆಲ್ಲ ‘ಶಾಲೆ’. ‘ಗಿಡದ ಬುಡಕ ಕುಂದರ್ತಿದ್ವಿ’ ಅಂತ ಬರೆದದ್ದು ‘ಮರದ ಕೆಳಗೆ ಕುಳಿತುಕೊಳ್ಳುತ್ತಿದ್ದೆವು’ ಆಗಿತ್ತು. ಸೇಡಂ ಕಡೆಯವಳು, ಅಫಜಲಪುರದವಳು, ಇಲ್ಲೇ ಬ್ರಹ್ಮಪುರದವಳು, ಎಲ್ಲರೂ ಒಬ್ಬಳೇ ಹುಡುಗಿಯ ಹಾಗೆ, ಪಠ್ಯಪುಸ್ತಕದ ಹಾಗೆ ಮಾತಾಡುತ್ತಿದ್ದರು.

ಗಣಿತದ ಅಕ್ಕೋರ ವಿಷಯಕ್ಕೆ ಬಂದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ. ಅವರು ಸಣ್ಣವರಿದ್ದಾಗ ಇದು ನಿಜಾಮರ ಸಂಸ್ಥಾನ, ಕಲಿಕೆ ಉರ್ದುವಿನಲ್ಲಿ. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ನಮ್ಮ ಜಿಲ್ಲೆ ಕನ್ನಡ ನಾಡಿಗೆ ಬಂತು. ಅಕ್ಕೋರು ಮುಂದೆ ಕನ್ನಡದಲ್ಲೇ ಕಲಿಸಿದರು, ಆದರೆ ಮಗ್ಗಿ ಅವರ ಬಾಯಲ್ಲಿ ಕೊನೆಯವರೆಗೂ ಉರ್ದುವಿನಲ್ಲೇ ಬರುತ್ತಿತ್ತು. ಕರಿಹಲಗೆಯ ಮೇಲೆ ಕನ್ನಡದಲ್ಲಿ ಲೆಕ್ಕ ಬರೆಯುತ್ತ, ತುಟಿಯಲ್ಲಿ ‘ಪಾಂಚ್ ಪಂಜೆ ಪಚ್ಚೀಸ್’ ಎನ್ನುತ್ತಿದ್ದರು. ನಾಲ್ಕು ಜನ ಗೆಳತಿಯರು ಇದನ್ನೇ ಬರೆದಿದ್ದರು. ಪುಸ್ತಕದಲ್ಲಿ ಅದು ‘ಐದು ಐದಲ ಇಪ್ಪತ್ತೈದು’ ಎಂದು ಅಚ್ಚಾಗಿದೆ. 40 ಪ್ರತಿಯಲ್ಲೂ.

ಉರ್ದು ಮಾಧ್ಯಮದ ಮೂವರು ಗೆಳತಿಯರು ತಮ್ಮ ಲಿಪಿಯಲ್ಲೇ ಬರೆದು ಕೊಟ್ಟಿದ್ದರು. ಪ್ರೆಸ್ಸಿನಲ್ಲಿ ಆ ಫಾಂಟು ಇಲ್ಲ ಅಂತ ಕೈಬರಹವನ್ನೇ ಫೋಟೊ ಹೊಡೆದು ಹಾಕಿದರು. ಒಂದು ಪುಟ ತಲೆಕೆಳಗಾಗಿ ಅಚ್ಚಾಯಿತು. ಆಕೆ ಪುಸ್ತಕ ತೆರೆದು ಆ ಪುಟ ನೋಡಿ, ಏನೂ ಅನ್ನದೆ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಮೂರು ವರ್ಷ ಒಂದೇ ಅಂಗಳದಲ್ಲಿ ಆಕೆಯ ಜೊತೆ ಖೋ-ಖೋ ಆಡಿದವಳು ನಾನು, ಪ್ರೂಫ್ ನೋಡಿದವಳೂ ನಾನೇ.

ಅಚ್ಚು ಮಾಡಿಸಲೇಬೇಕು ಅನ್ನುವವರು ಮುಂಗಡ ಕೊಡುವ ಮೊದಲು ಒಂದು ಚೀಟಿ ಒಯ್ಯಿರಿ. ಅಕ್ಕೋರು, ಕಲ್ಯಾಣ, ಸೂರ್ಯ, ರಾಷ್ಟ್ರ, ಸ್ತ್ರೀ ಎಂಬ ಐದು ಪದ ಫೋನಿನಿಂದ ಕಳಿಸಿ, ಅವರ ಪುಟದಲ್ಲಿ ಹಾಕಿ ಕಣ್ಣೆದುರೇ ಪ್ರಿಂಟ್ ತೆಗೆಸಿರಿ. ಐದೂ ಸರಿ ಬಂದರೆ ರೊಕ್ಕ ಕೊಡಿ. ಆಡುಮಾತನ್ನು ತಿದ್ದಬಾರದು ಎಂದು ಬರೆದೇ ಕೊಡಿ, ಬಾಯಲ್ಲಿ ಹೇಳಿದ್ದು ಉಳಿಯುವುದಿಲ್ಲ.

ಉದ್ದ ನೋಟ್‌ಬುಕ್ ನನಗೆ ಇಷ್ಟ, ಎರಡನೇ ಸ್ಥಾನ ಅದಕ್ಕೆ. 200 ಪುಟ, 90 ರೂಪಾಯಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತವಾಯಿತಲ್ಲ, ಅದೇ ತಿಂಗಳು ನೋಟ್‌ಬುಕ್ ಊರೂರು ತಿರುಗಲು ಶುರುವಾಯಿತು. ಅಂಚೆಗೆ ಹಾಕಲೇ ಇಲ್ಲ, ಒಬ್ಬಳು ಇನ್ನೊಬ್ಬಳ ಮನೆಗೆ ಹೋಗಿಯೇ ಕೊಟ್ಟಳು. ಮೂವತ್ತು ವರ್ಷದ ಮೇಲೆ ಅದೇ ದುಂಡು ಅಕ್ಷರ ಕಂಡು ಹೆಸರು ನೋಡದೆ ‘ಇದು ಆಕಿದೇ’ ಅನ್ನುವ ಖುಷಿ ಬೇರೆ ಯಾವುದರಲ್ಲೂ ಇಲ್ಲ. ಜೇವರ್ಗಿಯಲ್ಲಿ ನಾಲ್ಕು ತಿಂಗಳು ಒಂದೇ ಮನೆಯಲ್ಲಿ ಕೂತಿತು, ಅದನ್ನು ಸಹಿಸಬಹುದು. ಸಹಿಸಲಾಗದ್ದು ಬೇರೆ. ಬರೆಯುವ ರೂಢಿ ಇದ್ದವರು ಎಂಟು ಹತ್ತು ಪುಟ ಬರೆದರು, ಮುಂದೆ ಓದದವರು ಅದನ್ನು ನೋಡಿ ಹಿಂಜರಿದರು. ‘ಇವ್ರೆಲ್ಲ ಇಷ್ಟ್ ಛಂದ ಬರದಾರ, ನಂದೇನ್ ಬರೀಲಿ’ ಅಂತ ಸಹಿ ಹಾಕಿ ಕಳಿಸಿದವರು ಆರು ಜನ. ಆ 17 ಜನರ ಮನೆಗಂತೂ ನೋಟ್‌ಬುಕ್ ಹೋಗಲೇ ಇಲ್ಲ. ನಮ್ಮ ಪಟ್ಟಿಯ ತಲೆಬರಹವೇ ‘1992ರ ಬ್ಯಾಚು’ ಅಂತಿತ್ತು, ಅವರು ಯಾವ ಬ್ಯಾಚಿಗೂ ಸೇರಿರಲಿಲ್ಲ.

ಆ ವರ್ಷದ ದೀಪಾವಳಿಗೆ ರೆಕಾರ್ಡರ್ ಕೊಂಡೆ, ನಾಲ್ಕೂವರೆ ಸಾವಿರಕ್ಕೆ. ಎರಡು ಸಣ್ಣ ಸೆಲ್ಲು, ಒಂದು ಕೆಂಪು ಗುಂಡಿ, ಅಷ್ಟೇ. ಒಂದು ತಾಸಿನ ಮಾತಿಗೆ ಅರವತ್ತು ಎಂಬಿಯೂ ಬೇಡ. ಫೋನಿನಲ್ಲೇ ಆಗುತ್ತಲ್ಲ ಅಂದರೆ ಆಗುತ್ತದೆ, ಕೈಯಲ್ಲಿ ರೊಕ್ಕ ಇಲ್ಲದಿದ್ದರೆ ಅದರಲ್ಲೇ ಮಾಡಿ. ನಾನು ಮೊದಲು ಫೋನಿನಲ್ಲೇ ಮಾಡಿ ನೋಡಿದೆ. ಫೋನು ಹಿಡಿದ ಕೂಡಲೇ ಎಲ್ಲರೂ ಸೆರಗು ಸರಿ ಮಾಡಿಕೊಂಡು ವಿಡಿಯೋಕ್ಕೆ ಕೂತ ಹಾಗೆ ಕೂತರು. ನಡುವೆ ಕರೆ ಬಂತು, ಮಾತು ಕಡಿಯಿತು. ರೆಕಾರ್ಡರನ್ನು ಕೌದಿಯ ಮೇಲೆ ಇಟ್ಟರೆ ಐದು ನಿಮಿಷಕ್ಕೆ ಮರೆತುಬಿಡುತ್ತಾರೆ.

ಕೌದಿ ಅಂದದ್ದು ಸುಮ್ಮನೆ ಅಲ್ಲ. ನಮ್ಮ ಕಡೆ ಮನೆಯೊಳಗೆಲ್ಲ ಫರಸಿ. ಬರಿ ನೆಲದ ಮೇಲೆ ಇಟ್ಟರೆ ದನಿ ಗುಂಯ್ ಅನ್ನುತ್ತದೆ, ಬಳೆಯ ಸದ್ದು ಮಾತಿಗಿಂತ ದೊಡ್ಡದಾಗಿ ಕೇಳುತ್ತದೆ. ಕೆಳಗೆ ಕೌದಿ ಇದ್ದರೆ ದನಿ ಹತ್ತಿರ ಕೂತು ಹೇಳಿದ ಹಾಗೆ ಬರುತ್ತದೆ. ಫ್ಯಾನು ಇನ್ನೊಂದು ತೊಂದರೆ. ಏಪ್ರಿಲ್ ಮೇದಲ್ಲಿ ಫ್ಯಾನು ಆರಿಸಿ ಕೂರು ಅನ್ನುವುದು ಕಲಬುರಗಿಯಲ್ಲಿ ಯಾರಿಗೂ ಹೇಳುವ ಮಾತಲ್ಲ, ಕೂಲರ್ ಹಚ್ಚಿದ್ದರಂತೂ ರೆಕಾರ್ಡಿನಲ್ಲಿ ಹೊಳೆ ಹರಿದ ಸದ್ದು. ಹಾಗಾಗಿ ನಾನು ಹೋಗುವುದು ನವೆಂಬರಿನಿಂದ ಫೆಬ್ರವರಿಯವರೆಗೆ, ಬೇಸಿಗೆಯಲ್ಲಾದರೆ ನಸುಕಿನಲ್ಲಿ.

ದನಿಯಲ್ಲಿ ಬಂದದ್ದು ಬರಹದಲ್ಲಿ ಬಂದಿರಲಿಲ್ಲ. ಪುಸ್ತಕದಲ್ಲೂ ನೋಟ್‌ಬುಕ್ಕಿನಲ್ಲೂ ಗುರುವಂದನೆ, ಬಹುಮಾನ, ಪ್ರವಾಸ. ರೆಕಾರ್ಡರಿನ ಎದುರು ಐದು ಜನ, ಐದು ಬೇರೆ ಊರಲ್ಲಿ, ಒಂದೇ ಮಾತು ಹೇಳಿದರು: ಸಾಲಿಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಪಾಯಖಾನೆಗೆ ಬಾಗಿಲು ಇರಲಿಲ್ಲ. ಮುಂಜಾನೆ ಮನೆಯಲ್ಲಿ ಕುಡಿದದ್ದು ಬಿಟ್ಟರೆ ಸಂಜೆ ಮನೆ ಮುಟ್ಟುವ ತನಕ ಬಾಯಿ ಒಣಗಿಸಿಕೊಂಡೇ ಇರುತ್ತಿದ್ದೆವು. ನನಗೂ ಅದು ನೆನಪಿತ್ತು, ನಾನೂ ಬರೆದಿರಲಿಲ್ಲ.

ಆಳಂದದಾಕಿಯನ್ನು ಹುಡುಕಿಕೊಂಡು ಹೋದದ್ದು ಡಿಸೆಂಬರಿನಲ್ಲಿ. ಒಂಬತ್ತನೇ ತರಗತಿಯ ದಸರೆ ಸೂಟಿಗೆ ಊರಿಗೆ ಹೋದವಳು ಮರಳಿ ಬರಲಿಲ್ಲ, ಮದುವೆ ಮಾಡಿಬಿಟ್ಟರು. ತೊಗರಿ ರಾಶಿಯ ದಿನಗಳು, ಅಂಗಳ ತುಂಬ ಹೊಟ್ಟಿನ ವಾಸನೆ. ನೆನಪಿದ್ದದ್ದು ಏನಾದರೂ ಹೇಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಜರಿ ಕೂಗಲು ಶುರು ಮಾಡಿದಳು. ಒಂದರಿಂದ 54ರ ತನಕ, ಹೆಸರು, ಅಡ್ಡಹೆಸರು, ಒಂದೂ ತಪ್ಪದೆ, ಕ್ಲಾಸ್ ಟೀಚರ್ ಎಲ್ಲಿ ಉಸಿರು ಎಳೆಯುತ್ತಿದ್ದರೋ ಅಲ್ಲೇ ಉಸಿರು ಎಳೆಯುತ್ತ. ರೊಟ್ಟಿ ಬಡಿಯುವಾಗ ಒಬ್ಬಳೇ ಹೇಳಿಕೊಳ್ಳುತ್ತಾಳಂತೆ. ಮುಗಿಸಿದ ಮೇಲೆ ನನ್ನನ್ನು ಕೇಳಿದಳು: ‘ನಾ ಬರೋದು ಬಿಟ್ಟ ಮ್ಯಾಲ ನನ್ನ ಹೆಸರು ಎಷ್ಟ್ ದಿನ ಕರದ್ರು? ಜಲ್ದಿ ಹೊಡದ್ ಹಾಕಿದ್ರೇನು?’ ಸಂಕ್ರಾಂತಿ ತನಕ ಕರೆದರು ಅಂದೆ. ಖರೆ ಅದು, ನನಗೆ ಚೆನ್ನಾಗಿ ನೆನಪಿದೆ. ‘ಅಷ್ಟ್ ದಿನಾ?’ ಅಂದಳು. ಮುಂದೆ ರೆಕಾರ್ಡಿನಲ್ಲಿ ಕೋಳಿಯ ಸದ್ದು ಇದೆ, ಆಕೆಯ ಮೊಮ್ಮಗು ಅಳುವುದು ಇದೆ. ಕತ್ತರಿಸಿಲ್ಲ.

ನನಗೆ ರೆಕಾರ್ಡರ್ ಒಪ್ಪಿದ್ದಕ್ಕೆ ನನ್ನ ದಿನಚರಿಯೂ ಕಾರಣ. ನನಗೆ ರವಿವಾರ ರಜೆ, ಬಸ್ಸಿನ ಖರ್ಚಿಲ್ಲ, ಬರೆಯುವುದಕ್ಕಿಂತ ಕೇಳುತ್ತ ಕೂರುವುದು ಇಷ್ಟ. ನಿಮ್ಮ ಗೆಳತಿಯರು ಪುಣೆ, ಹೈದರಾಬಾದ್, ಬೆಂಗಳೂರು ಅಂತ ಚದುರಿದ್ದರೆ ನೋಟ್‌ಬುಕ್ಕನ್ನು ಅಂಚೆಗೆ ಹಾಕುವುದೇ ಮೇಲು. ನೂರು ರೂಪಾಯಿಗಿಂತ ಹೆಚ್ಚು ಕೇಳಬಾರದು ಅಂದರೂ ನೋಟ್‌ಬುಕ್ಕೇ. ಬಣ್ಣದ ಪುಸ್ತಕ ಚಿತ್ರಕ್ಕೆ ಮಾತ್ರ ಮಾಡಿಸಿ, ಹನ್ನೆರಡು ಪುಟ ಸಾಕು, ಅಕ್ಷರ ಹೆಸರಿಗಷ್ಟೇ ಇರಲಿ. ರೆಕಾರ್ಡ್ ಮಾಡಿದ್ದನ್ನು ಅದೇ ದಿನ ಪೆನ್‌ಡ್ರೈವಿಗೂ ಇನ್ನೊಬ್ಬರ ಮನೆಯ ಕಂಪ್ಯೂಟರಿಗೂ ಹಾಕಿ, ಊರು ಮತ್ತು ತಾರೀಖು ಬರೆದಿಡಿ. ಮನೆಯವರಿಗೆ ಕೇಳಿಸಬೇಕೋ ಬೇಡವೋ ಎಂದು ಹೇಳಿದವಳನ್ನೇ ಕೇಳಿ, ಬೇಡ ಅಂದರೆ ಅದು ನಿಮ್ಮ ಹತ್ತಿರವೇ ಇರಲಿ.

ಆ 17 ಜನರಲ್ಲಿ ಎಂಟು ಜನರ ದನಿ ಸಿಕ್ಕಿದೆ. ಒಂಬತ್ತನೆಯವಳು ಚಿಂಚೋಳಿ ತಾಲೂಕಿನಲ್ಲಿದ್ದಾಳೆ ಅಂತ ಹೋದ ವಾರ ಗೊತ್ತಾಯಿತು. ಬರುವ ರವಿವಾರ ಮೊದಲ ಬಸ್ಸಿಗೆ ಹೊರಡುತ್ತೇನೆ, ಸೆಲ್ಲು ಹೊಸವು ಹಾಕಿದ್ದೇನೆ, ಕೌದಿ ಆಕೆಯ ಮನೆಯಲ್ಲೇ ಇರುತ್ತದೆ.