ಟೀ ಶರ್ಟ್ ಮುದ್ರಣಕ್ಕೆ ಇಂಕ್‌ಸ್ಕೇಪ್: ನಾಲ್ಕು ವರ್ಷಗಳ ಬಳಕೆಯ ನಂತರ

ನಮ್ಮ ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಘಟಕಕ್ಕೆ ಬೇಕಾದ ವಿನ್ಯಾಸಗಳನ್ನು ನಾಲ್ಕು ವರ್ಷಗಳಿಂದ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಉಚಿತ ತಂತ್ರಾಂಶದಲ್ಲೇ ಸಿದ್ಧಪಡಿಸುತ್ತಿದ್ದೇನೆ. ಸುತ್ತಲಿನ ಡಿಟಿಪಿ ಅಂಗಡಿಗಳಲ್ಲೆಲ್ಲ ಕೋರೆಲ್‌ಡ್ರಾ ನಡೆಯುವಾಗ ನಾನು ಇದನ್ನು ಹಿಡಿದದ್ದು ದುಡ್ಡು ಕೊಡಬೇಕಾಗಿಲ್ಲ ಎಂಬ ಒಂದೇ ಕಾರಣಕ್ಕೆ. ಬಿಡದೆ ಉಳಿದದ್ದು ಕನ್ನಡ ಅಕ್ಷರಗಳ ಕಾರಣಕ್ಕೆ. ಯೂನಿಕೋಡ್ ಫಾಂಟ್ ಇದ್ದರೆ ಒತ್ತಕ್ಷರ, ಗುಣಿತಾಕ್ಷರಗಳು ಒಡೆಯದೆ ಸರಿಯಾಗಿ ಮೂಡುತ್ತವೆ. ಗ್ರಾಹಕರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ತಂದ ಪಠ್ಯವನ್ನು ಮಾತ್ರ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು, ಇಲ್ಲದಿದ್ದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವೇ ಕಾಣಿಸುತ್ತದೆ. ಕಡತವನ್ನು ಫಿಲ್ಮ್ (ವಿನ್ಯಾಸವನ್ನು ಸ್ಕ್ರೀನಿಗೆ ಇಳಿಸಲು ಬೇಕಾದ ಪಾರದರ್ಶಕ ಹಾಳೆ) ತೆಗೆಯುವವರಿಗೆ ಕಳುಹಿಸುವ ಮೊದಲು ಪಠ್ಯವನ್ನು ಪಾತ್‌ಗೆ, ಅಂದರೆ ಬರೀ ಗೆರೆಗಳ ಆಕೃತಿಗೆ, ಬದಲಾಯಿಸಿಬಿಟ್ಟರೆ ಅವರ ಗಣಕದಲ್ಲಿ ಆ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ. ಆದರೆ ಆಮೇಲೆ ಕಾಗುಣಿತದ ತಪ್ಪನ್ನು ತಿದ್ದಲು ಬರುವುದಿಲ್ಲವಾದ್ದರಿಂದ ಮೂಲ ಕಡತದ ಪ್ರತಿಯೊಂದನ್ನು ಬೇರೆಯಾಗಿ ಇಟ್ಟಿರುತ್ತೇನೆ.

ಎರಡನೆಯ ವರ್ಷದ ನವೆಂಬರ್ 1ಕ್ಕೆ ಅರವತ್ತು ಅಂಗಿಗಳ ಕೆಲಸ ಒಪ್ಪಿಕೊಂಡು ಪೆಟ್ಟು ತಿಂದೆ. ‘ರಾಜ್ಯೋತ್ಸವ’ ಎಂಬ ದೊಡ್ಡ ಅಕ್ಷರಗಳು ಚೆನ್ನಾಗಿಯೇ ಬಂದವು. ಅದರ ಕೆಳಗಿದ್ದ ಸಂಘದ ಹೆಸರಿನ ಸಣ್ಣ ಸಾಲಿನಲ್ಲಿ ಒತ್ತಕ್ಷರಗಳ ಒಳಗಿನ ಬಯಲೆಲ್ಲ ಇಂಕು ತುಂಬಿ ಮುಚ್ಚಿಹೋಗಿ, ಷಕಾರದ ಕೆಳಗಿನ ಣತ್ತು ಒಂದು ಮಸಿಬೊಟ್ಟಿನಂತೆ ಕಂಡಿತು. ತಪ್ಪು ತಂತ್ರಾಂಶದ್ದಲ್ಲ, ಪರದೆಯನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡಿ ಮೋಸಹೋದ ನನ್ನದು. ಈಗ ಪ್ರತಿಯೊಂದು ವಿನ್ಯಾಸವನ್ನೂ ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಅಕ್ಷರದೊಳಗಿನ ಬಯಲು ಅರ್ಧ ಮಿಲಿಮೀಟರಿಗಿಂತ ಕಿರಿದಾಗಿದ್ದರೆ ಗಾತ್ರವನ್ನು ಹಿಗ್ಗಿಸುತ್ತೇನೆ. ಹಿಗ್ಗಿಸಲು ಜಾಗವಿಲ್ಲದಿದ್ದರೆ ಇನ್‌ಸೆಟ್ ಆಜ್ಞೆಯಿಂದ ಅಕ್ಷರಗಳ ಅಂಚನ್ನು ಕೂದಲೆಳೆಯಷ್ಟು ಒಳಗೆಳೆದು ತೆಳುವಾಗಿಸುತ್ತೇನೆ.

ಕೊರತೆಯೆಂದರೆ ಬಣ್ಣ ಬೇರ್ಪಡಿಸುವ ಕೆಲಸ. ಒಂದೊಂದು ಬಣ್ಣಕ್ಕೂ ಒಂದೊಂದು ಫಿಲ್ಮನ್ನು ತಾನಾಗಿ ತೆಗೆದುಕೊಡುವ ವ್ಯವಸ್ಥೆ ನಾನು ಬಳಸುವ ಆವೃತ್ತಿಯಲ್ಲಿ ಇಲ್ಲ. ಆದ್ದರಿಂದ ಪ್ರತಿ ಬಣ್ಣವನ್ನೂ ಬೇರೆ ಬೇರೆ ಲೇಯರ್‌ಗೆ ಹಾಕಿ, ಎಲ್ಲಕ್ಕೂ ಅಪ್ಪಟ ಕಪ್ಪು ಬಣ್ಣ ತುಂಬಿ, ನಾಲ್ಕು ಮೂಲೆಗಳಲ್ಲಿ ಒಂದೇ ಜಾಗಕ್ಕೆ ರಿಜಿಸ್ಟ್ರೇಷನ್ ಗುರುತುಗಳನ್ನು (ಬಣ್ಣಗಳನ್ನು ಒಂದಕ್ಕೊಂದು ಹೊಂದಿಸಿ ಕೂರಿಸಲು) ಇಟ್ಟು, ಒಂದೊಂದಾಗಿ ಪಿಡಿಎಫ್ ಮಾಡಿಕೊಳ್ಳುತ್ತೇನೆ. ಕಪ್ಪು ಅಂಗಿಯ ಮೇಲೆ ಹಳದಿ ಎದ್ದು ಕಾಣಬೇಕಾದರೆ ಅಡಿಯಲ್ಲಿ ಬಿಳಿಯ ಪದರ ಬೇಕು. ಆ ಬಿಳಿಯನ್ನು ಸುತ್ತಲೂ 0.3 ಮಿಲಿಮೀಟರಿನಷ್ಟು ಒಳಗೆಳೆಯದಿದ್ದರೆ ಹಳದಿಯ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ. ಅಕ್ಕಪಕ್ಕದ ಬಣ್ಣಗಳು ಕೂಡುವಲ್ಲಿ ನಡುವೆ ಬಟ್ಟೆ ಇಣುಕದಂತೆ ತಿಳಿಬಣ್ಣದ ಆಕೃತಿಗೆ 0.4 ಮಿಲಿಮೀಟರ್ ಸ್ಟ್ರೋಕ್ (ಅಂಚಿನ ಗೆರೆ) ಕೊಡುತ್ತೇನೆ: ಅದರಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಹೋಗುವುದರಿಂದ ಒಂದು ಬಣ್ಣ ಇನ್ನೊಂದರ ಮೇಲೆ ಹರಡುವ ಹೊದಿಕೆ 0.2 ಮಿಲಿಮೀಟರ್ ಮಾತ್ರ ಎಂಬುದು ತಿಳಿಯುವಷ್ಟರಲ್ಲಿ ಎರಡು ಸ್ಕ್ರೀನ್ ಹಾಳಾಗಿದ್ದವು. ಅಂದಹಾಗೆ, ಫಿಲ್ಮಿನ ಬದಲು ಟ್ರೇಸಿಂಗ್ ಪೇಪರ್ ಬಳಸಿದರೆ ಲೇಸರ್ ಪ್ರಿಂಟರಿನ ಶಾಖಕ್ಕೆ ಅದು ಸ್ವಲ್ಪ ಕುಗ್ಗಿ, ಬಣ್ಣಗಳು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಎರಡು ಬಣ್ಣಗಳ ಕೆಲಸಕ್ಕೆ ನಾನಂತೂ ಫಿಲ್ಮನ್ನೇ ತೆಗೆಸುತ್ತೇನೆ.

ವಾಟ್ಸಾಪಿನಲ್ಲಿ ಬರುವ ಮಸುಕು ಲೋಗೋಗಳನ್ನು ಟ್ರೇಸ್ ಬಿಟ್‌ಮ್ಯಾಪ್ ಆಜ್ಞೆ ಒಂದು ಮಟ್ಟಕ್ಕೆ ಗೆರೆಗಳಾಗಿ ಬಿಡಿಸಿಕೊಡುತ್ತದೆ, ಆದರೆ ಅಂಚುಗಳನ್ನು ಕೈಯಾರೆ ತಿದ್ದಲೇಬೇಕು. ಒಂದೆರಡು ಬಣ್ಣಗಳ ಅಕ್ಷರಪ್ರಧಾನ ಕೆಲಸ ಮಾಡುವವರಿಗೆ ಇಂಕ್‌ಸ್ಕೇಪ್ ಬಳಸಿ ಎಂದು ಧೈರ್ಯವಾಗಿ ಹೇಳುತ್ತೇನೆ. ಫೋಟೋ ಮುದ್ರಣದ ಕೆಲಸ ಬಂದರೆ ನಾನೇ ಅದನ್ನು ಬೇರೆಯವರಿಗೆ ಕೊಟ್ಟು ಮಾಡಿಸುತ್ತೇನೆ.