ಜೋನಿಬೆಲ್ಲದ ಬಣ್ಣದ ಟೆಲಿಕ್ಯಾಸ್ಟರ್: ಒಂಬತ್ತು ವಾರಗಳ ನಂತರ

ಸ್ಕ್ವಯರ್ ಸಂಸ್ಥೆಯ ಕ್ಲಾಸಿಕ್ ವೈಬ್ ಶ್ರೇಣಿಯ, ಐವತ್ತರ ದಶಕದ ಮಾದರಿಯ ಟೆಲಿಕ್ಯಾಸ್ಟರ್ ಎಲೆಕ್ಟ್ರಿಕ್ ಗಿಟಾರ್ ಸಾಗರದ ನಮ್ಮ ಮನೆಗೆ ಬಂದು ಒಂಬತ್ತು ವಾರಗಳಾದವು. ಇದನ್ನು ಕೊಳ್ಳಬೇಕೆಂಬ ಆಸೆಗೆ ಮಾತ್ರ ಹದಿನೆಂಟು ವರ್ಷ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಎಂಬ ರಾಕ್ ತಂಡ ನುಡಿಸಿಹೋದ ಮೇಲೆ ನಮ್ಮ ಹಾಸ್ಟೆಲಿನ ಅರ್ಧದಷ್ಟು ಹುಡುಗರಿಗೆ ಗಿಟಾರಿನ ಹುಚ್ಚು ಹಿಡಿದಿತ್ತು. ಉಳಿದವರೆಲ್ಲ ಚೂಪು ಕೊಂಬುಗಳ ಗಿಟಾರಿಗೆ ಆಸೆಪಟ್ಟರೆ, ನನಗೆ ಹಿಡಿಸಿದ್ದು ಪಕ್ಕದ ಕೋಣೆಯವನ ಬಳಿಯಿದ್ದ, ಅಡುಗೆಮನೆಯ ಮಣೆಯನ್ನೇ ಗಿಟಾರಿನ ಆಕಾರಕ್ಕೆ ಕೊಯ್ದಂತಿದ್ದ ಒಂದು ಅಗ್ಗದ ಟೆಲಿಕ್ಯಾಸ್ಟರ್ ನಕಲು. ಆಮೇಲೆ ನೌಕರಿ, ಮನೆ ಸಾಲ, ತೋಟದ ಖರ್ಚು ಎಂದು ಒಂದರ ಹಿಂದೆ ಒಂದು ಬಂದು, ಗಿಟಾರು ಪ್ರತಿವರ್ಷವೂ 'ಬರುವ ವರ್ಷ'ಕ್ಕೆ ಮುಂದೂಡಲ್ಪಡುತ್ತಿತ್ತು. ಕೊಳ್ಳುವ ಮೊದಲೇ ಅದರಲ್ಲಿ ಏನೇನು ಬದಲಾಯಿಸಬೇಕು ಎಂಬ ಹನ್ನೊಂದು ಅಂಶಗಳ ಪಟ್ಟಿಯನ್ನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಕಥೆಯೇ ಸರಿ. ಆ ಪಟ್ಟಿ ಈಗ ಏನಾಗಿದೆ ಎಂಬುದನ್ನು ಹೇಳದೆ ಈ ವಿಮರ್ಶೆ ಪೂರ್ತಿಯಾಗುವುದಿಲ್ಲ.

ಮೊದಲು ವಾದ್ಯದ ಪರಿಚಯ. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಈ ವಿನ್ಯಾಸವನ್ನು ಮಾರುಕಟ್ಟೆಗೆ ತಂದಿದ್ದು 1950ರಲ್ಲಿ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ಗಳು ಎರಡಿದ್ದ ಮಾದರಿಗೆ ಮೊದಲು ಇಟ್ಟ ಹೆಸರು ಬ್ರಾಡ್‌ಕ್ಯಾಸ್ಟರ್; ಗ್ರೆಚ್ ಸಂಸ್ಥೆ ಅದೇ ಉಚ್ಚಾರದ ಹೆಸರಿನ ಡ್ರಮ್ ಮಾರುತ್ತಿದ್ದ ಕಾರಣ ಆಕ್ಷೇಪ ಬಂದು, 1951ರಲ್ಲಿ ಅದು ಟೆಲಿಕ್ಯಾಸ್ಟರ್ ಆಯಿತು. ನಡುವಿನ ಕೆಲವು ತಿಂಗಳು ಹೆಸರಿನ ಭಾಗವನ್ನೇ ಕತ್ತರಿಸಿ ತೆಗೆದ ಅಂಟುಚೀಟಿಯೊಡನೆ ಗಿಟಾರುಗಳು ಮಾರಾಟವಾದವು. ಆ ಹೆಸರಿಲ್ಲದವುಗಳಿಗೂ ಇಂದು ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ಸ್ಕ್ವಯರ್ ಎನ್ನುವುದು ಮೂಲತಃ ತಂತಿ ತಯಾರಿಸುತ್ತಿದ್ದ ಹಳೆಯ ಅಮೆರಿಕನ್ ಸಂಸ್ಥೆ. ಫೆಂಡರ್ ಸಂಸ್ಥೆ ಅದನ್ನು 1965ರಲ್ಲಿ ಕೊಂಡು, 1982ರಿಂದ ಆ ಹೆಸರಿನಲ್ಲಿ ಕಡಿಮೆ ಬೆಲೆಯ ಗಿಟಾರುಗಳನ್ನು ಹೊರತರುತ್ತಿದೆ. ನನ್ನದು ಇಂಡೋನೇಷ್ಯಾದಲ್ಲಿ ತಯಾರಾದದ್ದು.

ಒಡಲು ಪೈನ್ ಮರದ್ದು. ಪೈನ್ ಎಂದೊಡನೆ ಪ್ಯಾಕಿಂಗ್ ಪೆಟ್ಟಿಗೆಯ ಮರ ಎಂದು ಮೂಗು ಮುರಿಯುವವರಿದ್ದಾರೆ, ಆದರೆ ಫೆಂಡರ್ ಅವರ ಮೊಟ್ಟಮೊದಲ ಪ್ರಯೋಗದ ಗಿಟಾರುಗಳೂ ಪೈನ್‌ನಲ್ಲೇ ಆಗಿದ್ದವು. ಹಗುರವೂ ಹೌದು: ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟು ನೋಡಿದೆ, 3 ಕಿಲೋ 300 ಗ್ರಾಂ ಬಂತು. ಕತ್ತು ಮೇಪಲ್ ಮರದ್ದು, 21 ಫ್ರೆಟ್‌ಗಳು ಅಂದರೆ ಮೆಟ್ಟುಗಳು, ಒಡಲಿನ ಮೇಲೆ ತಂತಿಗಳನ್ನು ಹೊರುವ ಕುದುರೆಯಿಂದ (ಬ್ರಿಡ್ಜ್) ತಲೆಯ ಬಳಿ ತಂತಿಗಳು ಹಾಯುವ ಸೀಳುಪಟ್ಟಿಯಾದ ನಟ್‌ವರೆಗೆ ತಂತಿಯ ಉದ್ದ ಸುಮಾರು 648 ಮಿಲಿಮೀಟರ್. ಇಂಗ್ಲಿಷಿನಲ್ಲಿ ಬಟರ್‌ಸ್ಕಾಚ್ ಎನ್ನುವ ಬಣ್ಣಕ್ಕೆ ನಮ್ಮ ಕಡೆಯವರು ಬೇರೆ ಹೆಸರು ಹುಡುಕಬೇಕಾಗಿಲ್ಲ. ಅದು ಆಲೆಮನೆಯಿಂದ ಈಗಷ್ಟೇ ತಂದ ಜೋನಿಬೆಲ್ಲದ ಬಣ್ಣ, ಅದರ ಮೇಲೆ, ಮೀಟುವಾಗ ಗೀರು ಬೀಳದಂತೆ ಕಾಯುವ ಕರಿಯ ಪಿಕ್‌ಗಾರ್ಡ್. ತಲೆಯಲ್ಲಿರುವ ಬಿರಡೆಗಳು ಹಳೆಯ ಶೈಲಿಯವು: ತಂತಿಯ ತುದಿಯನ್ನು ಅಳೆದು ಕತ್ತರಿಸಿ, ಬಿರಡೆಯ ನಡುವಿನ ರಂಧ್ರಕ್ಕೆ ನೇರವಾಗಿ ಇಳಿಸಿ, ಸೀಳಿನಲ್ಲಿ ಬಗ್ಗಿಸಿ ಸುತ್ತಬೇಕು. ಇದನ್ನು ತಿಳಿಯದೆ ಮೊದಲ ದಿನ ಒಂದು ತಂತಿ ಹಾಳುಮಾಡಿದೆ. ಕಲಿತ ಮೇಲೆ ಮಾತ್ರ ಹೊರಚಾಚಿ ಬೆರಳಿಗೆ ಚುಚ್ಚುವ ತುದಿಯೇ ಇಲ್ಲದ ಈ ಏರ್ಪಾಟು ಬಹಳ ಹಿತವೆನಿಸಿದೆ.

ಕೊಂಡ ಅಂಗಡಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬೆಂಗಳೂರಿನ ಆ ಅಂಗಡಿಯವರು ಗಿಟಾರನ್ನು ಲಾರಿ ಪಾರ್ಸೆಲ್‌ನಲ್ಲಿ ಚೆನ್ನಾಗಿಯೇ ಕಟ್ಟಿ ಕಳುಹಿಸಿದರು. ಆದರೆ ಕತ್ತಿನ ಬಾಗು, ತಂತಿಯ ಎತ್ತರ ಸರಿಹೊಂದಿಸುವ ಸೆಟಪ್‌ಗೆಂದು ಪ್ರತ್ಯೇಕವಾಗಿ ಸಾವಿರದ ಐನೂರು ರೂಪಾಯಿ ತೆಗೆದುಕೊಂಡೂ ಆ ಕೆಲಸವನ್ನು ಮಾಡಿರಲಿಲ್ಲ. ಈ ಗಿಟಾರಿಗೆ 17ನೇ ಫ್ರೆಟ್‌ನ ಬಳಿ ತಂತಿಯ ಎತ್ತರ ಸುಮಾರು 1.6 ಮಿಲಿಮೀಟರ್ ಇರಬೇಕು, ನನ್ನದರಲ್ಲಿ 2.4 ಇತ್ತು. ಫೋನು ಮಾಡಿದರೆ, "ಅದು ಹಾಗೇ ಇರುತ್ತೆ ಸರ್, ಕೈ ಒಗ್ಗುತ್ತೆ" ಎಂಬ ಉತ್ತರ. ತಂತಿಗಳನ್ನು ಕತ್ತಿಗೆ ಒತ್ತಿಹಿಡಿಯುವ ಒಂದು ಕಾಪೋ, ಒಂದು ಉಕ್ಕಿನ ಅಳತೆಪಟ್ಟಿ, ಮೆಕ್ಯಾನಿಕ್‌ಗಳು ಸ್ಪಾರ್ಕ್ ಪ್ಲಗ್‌ಗೆ ಬಳಸುವ ಫೀಲರ್ ಗೇಜ್, ಎರಡು ಆಲನ್ ಕೀ ಇಷ್ಟನ್ನಿಟ್ಟುಕೊಂಡು ನಾನೇ ಒಂದು ಭಾನುವಾರ ಕುಳಿತು, ಕತ್ತಿನ ಬಾಗನ್ನು 0.25 ಮಿಲಿಮೀಟರಿಗೆ ತಂದು ತಂತಿಗಳನ್ನು ಇಳಿಸಿದೆ. ಆ ಸಂಜೆ ನುಡಿಸಿದ ಗಿಟಾರಿಗೂ ಬೆಳಿಗ್ಗೆಯದಕ್ಕೂ ಸಂಬಂಧವೇ ಇರಲಿಲ್ಲ. ಹನ್ನೊಂದು ಅಂಶಗಳ ನನ್ನ ಪಟ್ಟಿಯಲ್ಲಿ ಈ ಕೆಲಸ ಇರಲೇ ಇಲ್ಲ ಎಂಬುದು ಸ್ವಲ್ಪ ನಾಚಿಕೆಯ ವಿಷಯ.

ನಾದದ ವಿಚಾರಕ್ಕೆ ಬಂದರೆ, ಕುದುರೆಯ ಬಳಿಯ ಪಿಕಪ್ ಈ ಗಿಟಾರಿನ ಪ್ರಾಣ. ಅದನ್ನು ಹಿಡಿದಿರುವ ಅಗಲವಾದ ಲೋಹದ ತಟ್ಟೆಯ ಪ್ರಭಾವವೂ ಸೇರಿ ಬರುವ ಆ ಖಣಖಣ ನಾದ, ತಂತಿಯನ್ನು ಮೀಟಿದ ಕ್ಷಣದಲ್ಲಿ ಹಂಚಿನ ಮೇಲೆ ಬಿದ್ದ ಸಾಸಿವೆಯಂತೆ ಸಿಡಿಯುತ್ತದೆ. ಟೋನ್ ಗುಂಡಿಯನ್ನು ಕಾಲು ಭಾಗ ತಗ್ಗಿಸಿದರೆ ಅದೇ ಸ್ವರ ತುಂಬಿಕೊಂಡು ಬರುತ್ತದೆ. ಕತ್ತಿನ ಬಳಿಯ, ಲೋಹದ ಮುಚ್ಚಳವಿರುವ ಪಿಕಪ್ ಮೃದು, ನನ್ನ ಕಿವಿಗೆ ತುಸು ಮಂಕು. ನಡುವಿನ ಸ್ಥಾನದಲ್ಲಿ ಎರಡೂ ಸೇರಿ ಬರುವ ನಾದದಲ್ಲಿ ನಾನು ದಿನದ ಹೆಚ್ಚಿನ ಹೊತ್ತು ಕಳೆಯುತ್ತೇನೆ. ಗಮಕಕ್ಕೆ ತಂತಿ ಎಳೆಯುವವರಿಗೆ ಒಂದು ಮಾತು: ಫ್ರೆಟ್‌ಗಳು ಕಿರಿದಾಗಿದ್ದರೂ ಎತ್ತರವಾಗಿರುವುದರಿಂದ ಬೆರಳು ಮರಕ್ಕೆ ತಾಗಿ ತಡೆಯುವುದಿಲ್ಲ, ಅಕ್ಕನ ಬಳಿ ವೀಣೆಯ ಪಾಠ ಅರ್ಧಕ್ಕೆ ಬಿಟ್ಟ ನನ್ನಂಥವನಿಗೂ ಎರಡನೇ ತಂತಿಯ ಮೇಲೆ ಒಂದೂವರೆ ಸ್ವರದಷ್ಟು ಎಳೆಯುವುದು ಸಾಧ್ಯವಾಗಿದೆ.

ಗುಂಯ್‌ಗುಡುವ ಸದ್ದಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಿಂಗಲ್ ಕಾಯಿಲ್ ಪಿಕಪ್ ಎಂದರೆ ಅಯಸ್ಕಾಂತಗಳ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯ ತಾಮ್ರದ ತಂತಿ. ಅದು ಉಕ್ಕಿನ ತಂತಿಯ ಕಂಪನವನ್ನು ಹಿಡಿಯುವಷ್ಟೇ ನಿಷ್ಠೆಯಿಂದ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯನ್ನೂ ಹಿಡಿಯುತ್ತದೆ. ಇದು ಎಷ್ಟು ದುಡ್ಡು ಕೊಟ್ಟು ಕೊಂಡ ಸಿಂಗಲ್ ಕಾಯಿಲ್‌ಗೂ ಇರುವ ಗುಣ, ಅದನ್ನು ದೋಷವೆನ್ನಲಾಗದು. ಆದರೆ ನಮ್ಮ ಮನೆಯಲ್ಲಿ ಆ ಸದ್ದು ನುಡಿಸಾಣಿಕೆಯನ್ನೇ ಮುಳುಗಿಸುವಷ್ಟಿತ್ತು. ಪಟ್ಟಿಯ ಮೊದಲ ಅಂಶವೇ ಪಿಕಪ್ ಬದಲಾವಣೆ ಆಗಿದ್ದರಿಂದ, ಒಂದರ ಕೆಳಗೊಂದು ಎರಡು ಕಾಯಿಲ್ ಜೋಡಿಸಿ ಸದ್ದನ್ನು ಅಳಿಸುವ ಸೆಮೋರ್ ಡಂಕನ್ ಅಥವಾ ಡಿಮಾರ್ಜಿಯೋ ಪಿಕಪ್‌ಗಳನ್ನು ತರಿಸಲು ನಾನು ದುಡ್ಡು ತೆಗೆದಿರಿಸಿದ್ದೆ. ಅಷ್ಟರಲ್ಲಿ ಒಂದು ಸಂಜೆ ಬರಿಗಾಲಿನಲ್ಲಿ ನಿಂತು ತಂತಿ ಮುಟ್ಟಿದಾಗ ಬೆರಳಿಗೆ ಚುರ್ ಎಂದಿತು.

ಗಿಟಾರಿನ ತಂತಿಗಳು ಕುದುರೆ, ಕೇಬಲ್ಲಿನ ಹೊರಕವಚ, ಆಂಪ್ಲಿಫೈಯರಿನ ಲೋಹದ ಒಡಲು ಇವುಗಳ ಮೂಲಕ ಗೋಡೆಯ ಮೂರನೇ ಪಿನ್ನಿನ ಅರ್ತಿಂಗ್‌ಗೆ ಸೇರಿರಬೇಕು. ಎಲೆಕ್ಟ್ರಿಷಿಯನ್ ಬಂದು ಫೇಸ್ ಮತ್ತು ಅರ್ತ್ ನಡುವೆ ಬಲ್ಬು ಹಿಡಿದು ನೋಡಿದರು. ಪೂರ್ತಿ ಉರಿಯಬೇಕಾಗಿದ್ದ ಬಲ್ಬಿನ ಒಳಗಿನ ಎಳೆ ಕೆಂಡದ ಗೆರೆಯಂತೆ ಮಿಣುಕಿತು. ಹಿತ್ತಿಲಿನ ಅರ್ತ್ ಗುಂಡಿಯಲ್ಲಿ ಪೈಪು ತುಕ್ಕು ಹಿಡಿದು ತುಂಡಾಗಿತ್ತು. ಹೊಸ ಪೈಪು, ಇದ್ದಿಲು, ಉಪ್ಪು, ಕೂಲಿ ಎಲ್ಲ ಸೇರಿ 3,200 ರೂಪಾಯಿ. ಅದಾದ ಮೇಲೆ ಸದ್ದು ಅರ್ಧಕ್ಕಿಂತ ಕೆಳಗಿಳಿಯಿತು, ತಂತಿಗೆ ಕೈಯಿಟ್ಟರೆ ಇನ್ನೂ ಇಳಿಯುತ್ತದೆ. ಉಳಿದದ್ದು ಕರೆಂಟು ಹೋದಾಗಿನ ಕಾಟ: ನಮ್ಮ ಹಳೆಯ ಯುಪಿಎಸ್ ಕೊಡುವುದು ಚೌಕಾಕಾರದ ಅಲೆ, ಅದರಲ್ಲಿ ಗಿಟಾರು ಜೇನುಹುಳದ ಗೂಡಿಗೆ ಕಲ್ಲು ಬಿದ್ದಂತೆ ಕಿರುಗುಡುತ್ತದೆ. ಸಾಗರದ ಮಳೆಗಾಲದಲ್ಲಿ ಕರೆಂಟು ಹೋಗದ ಸಂಜೆಯನ್ನು ಹುಡುಕಬೇಕು, ಆದ್ದರಿಂದ ನುಣುಪಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ಈಗ ನನ್ನ ಗಿಟಾರಿನ ಪಟ್ಟಿಗೆ ಸೇರಿದೆ. ಮನೆಯವರಿಗೆ ಇದನ್ನು ಫ್ರಿಜ್ಜಿನ ಒಳಿತಿಗೆಂದು ವಿವರಿಸಿದ್ದೇನೆ.

ಹೀಗಾಗಿ ಪಿಕಪ್‌ಗಳು ಪಟ್ಟಿಯ ಕೊನೆಗೆ ಸರಿದು, ಸಣ್ಣ ಸಾಮಾನುಗಳು ಮುಂದೆ ಬಂದಿವೆ. ಮೊದಲನೆಯದು ಕುದುರೆಯ ಮೇಲೆ ತಂತಿಗಳು ಕೂರುವ ತುಂಡುಗಳಾದ ಸ್ಯಾಡಲ್‌ಗಳು. ಟೆಲಿಕ್ಯಾಸ್ಟರಿನ ಮೂಲ ವಿನ್ಯಾಸದಲ್ಲಿ ಆರು ತಂತಿಗಳಿಗೆ ಮೂರೇ ಸ್ಯಾಡಲ್, ಎರಡೆರಡು ತಂತಿಗೆ ಒಂದೊಂದು. ವೀಣೆಯಲ್ಲಾದರೆ ಶ್ರುತಿ ತಪ್ಪಿದ ಮೆಟ್ಟನ್ನು ಮೇಣ ಕರಗಿಸಿ ಸರಿಸಿ ಕೂರಿಸುತ್ತಾರೆ; ಇಲ್ಲಿ ಮೆಟ್ಟುಗಳು ಅಲುಗುವುದಿಲ್ಲ, ಸರಿಸಬೇಕಾದದ್ದು ಸ್ಯಾಡಲನ್ನೇ. ಒಂದನ್ನು ಸರಿಸಿದರೆ ಜೊತೆಯದೂ ಸರಿಯುತ್ತದೆ. ನನ್ನದರಲ್ಲಿ ನಾಲ್ಕನೆಯ ತಂತಿಯನ್ನು 12ನೇ ಫ್ರೆಟ್‌ನಲ್ಲಿ ಶ್ರುತಿಗೆ ಸರಿಯಾಗಿ ಕೂರಿಸಿದರೆ ಮೂರನೆಯದು ಆರೇಳು ಸೆಂಟ್ (ಅರ್ಧ ಸ್ವರದ ನೂರರಲ್ಲೊಂದು ಭಾಗ ಒಂದು ಸೆಂಟ್) ಏರಿರುತ್ತದೆ. ಇದರಲ್ಲಿ ತಯಾರಕರ ತಪ್ಪಿಲ್ಲ: ಐವತ್ತರ ದಶಕದಲ್ಲಿ ಮೂರನೆಯ ತಂತಿಯೂ ಮೇಲೆ ಸಣ್ಣ ತಂತಿ ಸುತ್ತಿದ ಸುತ್ತುತಂತಿಯೇ ಆಗಿತ್ತು, ಆಗ ಈ ಜೋಡಿ ಹೆಚ್ಚು ಹೊಂದುತ್ತಿತ್ತು, ಈಗ ನಾವು ಹಾಕುವುದು ಬೋಳು ತಂತಿ. ಪರಿಹಾರವಾಗಿ, ಓರೆಯಾಗಿ ಕೊರೆದ ಹಿತ್ತಾಳೆಯ ಸ್ಯಾಡಲ್‌ಗಳು ಸಿಗುತ್ತವೆ. ವಿಲ್ಕಿನ್ಸನ್‌ನವು ನನ್ನ ಕೈಗೆಟುಕುವ ಬೆಲೆಯಲ್ಲಿದ್ದುದರಿಂದ ತರಿಸಿಕೊಂಡಿದ್ದೇನೆ. ಆರು ಬೇರೆ ಬೇರೆ ಸ್ಯಾಡಲ್‌ಗಳ ಆಧುನಿಕ ಕುದುರೆ ಇನ್ನೂ ನಿಖರ ಎಂದು ಗೊತ್ತಿದೆ, ಆದರೆ ಆ ಮೂರು ಉರುಳೆಗಳ ಚಂದವನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ಎರಡನೆಯದು ನಟ್. ಅದು ಒಳ್ಳೆಯ ಮೂಳೆಯದೇ, ಬದಲಿಸುವ ಅಗತ್ಯವಿಲ್ಲ. ನಾನು 9ರ ಬದಲು 10ರ ದಪ್ಪದ (ಮೊದಲ ತಂತಿಯ ದಪ್ಪ, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ) ತಂತಿಗಳನ್ನು ಹಾಕಿದ್ದರಿಂದ ಮೂರನೆಯ ತಂತಿ ನಟ್ಟಿನ ಸೀಳಿನಲ್ಲಿ ಸಿಕ್ಕಿಕೊಂಡು, ಬಿರಡೆ ತಿರುಗಿಸುವಾಗ ಟಿಕ್ ಎಂದು ಜಿಗಿಯುತ್ತದೆ. ಸದ್ಯ ಪೆನ್ಸಿಲ್ಲಿನ ಸೀಸವನ್ನು ತೇಯ್ದು ಸಂಭಾಳಿಸುತ್ತಿದ್ದೇನೆ, ಸೀಳನ್ನು ತಕ್ಕ ಅರದಿಂದ ಕೂದಲೆಳೆಯಷ್ಟು ಅಗಲಿಸಬೇಕು. ಹೆಚ್ಚು ಉಜ್ಜಿದರೆ ಹೊಸ ನಟ್ಟೇ ಗತಿ.

ಮೂರನೆಯದರ ಮೇಲೆ ನನಗೆ ಅತಿ ಹೆಚ್ಚು ಆಸೆ: ಪಿಕಪ್ ಆರಿಸುವ ಮೂರು ಸ್ಥಾನಗಳ ಸ್ವಿಚ್ಚಿನ ಬದಲು ನಾಲ್ಕು ಸ್ಥಾನಗಳದ್ದು. ಈಗ ನಡುವಿನ ಸ್ಥಾನದಲ್ಲಿ ಪಿಕಪ್‌ಗಳೆರಡೂ ಸಮಾನಾಂತರವಾಗಿ ಸೇರುತ್ತವೆ. ನಾಲ್ಕನೆಯ ಸ್ಥಾನ ಅವನ್ನು ಸರಣಿಯಲ್ಲಿ ಜೋಡಿಸಿ, ಗಟ್ಟಿಯೂ ಮಂದ್ರವೂ ಆದ ನಾದ ಕೊಡುತ್ತದೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಕತ್ತಿನ ಪಿಕಪ್ಪಿನ ಲೋಹದ ಮುಚ್ಚಳವನ್ನು ಸಾಮಾನ್ಯವಾಗಿ ಕಾಯಿಲ್ಲಿನ ಒಂದು ತುದಿಗೇ ಬೆಸೆದಿರುತ್ತಾರೆ. ಸರಣಿಯಲ್ಲಿ ಜೋಡಿಸಿದಾಗ ಆ ತುದಿ ಅರ್ತ್ ಆಗಿ ಉಳಿಯುವುದಿಲ್ಲವಾದ್ದರಿಂದ, ಮುಚ್ಚಳವನ್ನು ಅದರಿಂದ ಬಿಡಿಸಿ ಬೇರೆಯೇ ತಂತಿಯಲ್ಲಿ ಅರ್ತ್ ಮಾಡಬೇಕು, ಇಲ್ಲವಾದರೆ ಮುಚ್ಚಳ ಮುಟ್ಟಿದಾಗಲೆಲ್ಲ ಗುಂಯ್ ಎನ್ನುತ್ತದೆ. ಗುಂಯ್ ಸದ್ದನ್ನು ತಗ್ಗಿಸಲು ಒಡಲಿನ ಒಳಗುಳಿಗಳಿಗೆ ತಾಮ್ರದ ಹಾಳೆ ಅಂಟಿಸುವ ಕೆಲಸವನ್ನೂ ಅದೇ ದಿನ ಮುಗಿಸುವ ಯೋಚನೆಯಿದೆ.

ಪಟ್ಟಿಯಲ್ಲಿದ್ದ ಬಿರಡೆ ಬದಲಾವಣೆ, ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ಹೊಸ ಪಾಟ್‌ಗಳು, ದುಬಾರಿ ಕೆಪಾಸಿಟರ್ ಇವನ್ನೆಲ್ಲ ಹೊಡೆದುಹಾಕಿದ್ದೇನೆ. ಅವುಗಳಿಂದ ನೀಗಬೇಕಾದ ಯಾವ ತೊಂದರೆಯೂ ನನ್ನ ಕಿವಿಗಾಗಲೀ ಕೈಗಾಗಲೀ ಸಿಕ್ಕಿಲ್ಲ. ಬದಲಿಗೆ ಲೇಪನವಿರುವ ತಂತಿಗಳು ಸೇರಿವೆ. ಇಲ್ಲಿನ ಆಷಾಢದಲ್ಲಿ ಸಾದಾ ತಂತಿ ಮೂರನೇ ವಾರಕ್ಕೆ ಬೆರಳಿಗೆ ಕಪ್ಪು ಹತ್ತಿಸುತ್ತದೆ, ಬ್ಯಾಗಿನೊಳಗೆ ಬೂಷ್ಟು ಹಿಡಿಯುತ್ತದೆ. ರೇಷ್ಮೆ ಸೀರೆಗಳಿಗೆಂದು ಬೀರುವಿನಲ್ಲಿ ಸಣ್ಣ ಬಲ್ಬು ಉರಿಸಿಡುವ ಹಳೆಯ ಪದ್ಧತಿಯನ್ನು ಗಿಟಾರಿಗೂ ಅನ್ವಯಿಸಿ, ಅದನ್ನು ಅಮ್ಮನ ಬೀರುವಿನ ಪಕ್ಕದ ಗೂಡಿಗೆ ವರ್ಗಾಯಿಸಿದ್ದೇನೆ.

ನಲವತ್ತೆಂಟು ಸಾವಿರ ಕೊಟ್ಟು ಕೊಂಡ ಈ ಗಿಟಾರು ಆ ಬೆಲೆಗೆ ತಕ್ಕುದೇ ಎಂದು ಕೇಳಿದರೆ, ಹೌದು ಎನ್ನಲು ನನಗೆ ಅನುಮಾನವಿಲ್ಲ; ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಅಗ್ಗದ್ದೂ ಸಾಕು, ಆದರೆ ಟೆಲಿಕ್ಯಾಸ್ಟರೇ ಬೇಕೆಂದು ವರ್ಷಗಟ್ಟಲೆ ಕಾದವರು ಇದರ ಕೆಳಗಿನದಕ್ಕೆ ಸಮಾಧಾನಪಡಲಾರರು.

ಬೆಸುಗೆಯ ಕೆಲಸಕ್ಕೆ ಬಸ್‌ಸ್ಟ್ಯಾಂಡಿನ ಹತ್ತಿರದ ರೇಡಿಯೋ ರಿಪೇರಿಯವರನ್ನು ಒಪ್ಪಿಸಿದ್ದೇನೆ. ಅವರು ಎಲೆಕ್ಟ್ರಿಕ್ ಗಿಟಾರಿನ ಒಳಭಾಗವನ್ನು ಎಂದೂ ಕಂಡವರಲ್ಲ. ಗುಂಡಿಗಳ ತಟ್ಟೆಯ ಎರಡು ಸ್ಕ್ರೂ ಬಿಚ್ಚಿ, ಕನ್ನಡಕ ಮೇಲೇರಿಸಿ ಅರ್ಧ ನಿಮಿಷ ನೋಡಿ, "ಇದು ನಮ್ಮ ರೇಡಿಯೋದ ವಾಲ್ಯೂಮು, ಟೋನೇ ಅಲ್ಲವಾ ಮಾರಾಯ್ರೆ, ಇಷ್ಟಕ್ಕೆ ಬೆಂಗಳೂರಿಗೆ ಹೋಗಬೇಕಾ" ಎಂದರು. ಆದರೆ ಈಗ ಅವರ ಮೇಜಿನ ಮೇಲೆ ಗಣಪತಿ ಪೆಂಡಾಲುಗಳ ಆಂಪ್ಲಿಫೈಯರ್‌ಗಳು ಸಾಲುಗಟ್ಟಿವೆ, ಹಾಗಾಗಿ ಸ್ವಿಚ್ಚು, ತಾಮ್ರದ ಹಾಳೆಗಳಿರುವ ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ಅನಂತ ಚತುರ್ದಶಿ ಕಳೆದ ಮೇಲೆ ಗಿಟಾರು ತರಲು ಹೇಳಿದ್ದಾರೆ.